ಮುತ್ತಜ್ಜನ ಅಪ್ಪನ ಹೆಸರು ಹುಡುಕುವುದು ಹೇಗೆ? ಕರ್ನಾಟಕದ ಮನೆತನಗಳಿಗೊಂದು ಮಾರ್ಗದರ್ಶಿ

“ತಾತನ ಹೆಸರು ಗೊತ್ತು. ಅವರ ಅಪ್ಪನ ಹೆಸರೂ ಕೇಳಿದ್ದೇನೆ. ಅಲ್ಲಿಂದ ಹಿಂದಕ್ಕೆ ಹೋಗುವುದು ಹೇಗೆ?” ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಆಗಲೇ ಯಾವುದೋ ವಂಶವೃಕ್ಷದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿ, ಏನೂ ಸಿಗದೆ ಬೇಜಾರಾಗಿರುತ್ತಾರೆ. ಅದು ಅವರ ತಪ್ಪಲ್ಲ. ಆ ವೆಬ್‌ಸೈಟುಗಳು ಹುಡುಕುವುದು ಮನೆತನದ ಹೆಸರನ್ನು. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಅಂಥ ಹೆಸರೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು ಸೇರಿ ಇನಿಷಿಯಲ್ ಆಗುತ್ತದೆ. ಮಗನ ಕಾಲಕ್ಕೆ ಅದೂ ಬದಲಾಗುತ್ತದೆ.

ಜನ ಬದಲಾದರೂ ಜಾಗ ಬಿಟ್ಟು ಕದಲದ್ದು ಒಂದಿದೆ. ಅದು ಹೊಲ. ಕಂದಾಯ ವಸೂಲಿ ಮಾಡುವುದಕ್ಕಾಗಿ ಸರ್ಕಾರ ಪ್ರತಿ ತುಂಡು ಜಮೀನಿಗೂ ಒಂದು ನಂಬರ್ ಕೊಟ್ಟಿತು. ಆ ನಂಬರಿನ ಮುಂದೆ ತಲೆಮಾರುಗಟ್ಟಲೆ ಹೆಸರುಗಳನ್ನು ಬರೆಯುತ್ತಾ ಬಂತು. ಹಾಗಾಗಿ ನನ್ನ ಮುಖ್ಯ ಸಲಹೆ ಒಂದೇ: ಹೆಸರು ಹಿಡಿದು ಅಲೆಯಬೇಡಿ, ಸರ್ವೆ ನಂಬರ್ ಹಿಡಿದು ಹೊರಡಿ. ಜಮೀನೇ ಇರದಿದ್ದ ಮನೆಗಳಿಗೆ ಬೇರೆ ದಾರಿಗಳಿವೆ. ಅದನ್ನು ಹಂತ 6ರಲ್ಲಿ ಹೇಳಿದ್ದೇನೆ.

ಎಷ್ಟು ಹಿಂದಕ್ಕೆ ಹೋಗಬಹುದು ಅನ್ನುವುದನ್ನು ಮೊದಲೇ ತಿಳಿದಿರಿ. ಕ್ರಮಬದ್ಧ ಭೂಮಾಪನ ಧಾರವಾಡದ ಕಡೆ 1840ರ ದಶಕದಲ್ಲಿ, ಹಳೇ ಮೈಸೂರಿನಲ್ಲಿ 1860ರ ದಶಕದಲ್ಲಿ ಶುರುವಾಯಿತು. ಕಾಗದ ಸರಿಯಾಗಿ ಉಳಿದಿದ್ದರೆ ಐದಾರು ತಲೆಮಾರು ಸಿಗಬಹುದು. ಅದಕ್ಕೂ ಹಿಂದಿನದು ಹೆಚ್ಚಾಗಿ ಬಾಯಿಮಾತು. ಅದಕ್ಕೂ ಬೆಲೆ ಇದೆ, ಆದರೆ ಅದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯಿರಿ.

ಬೇಕಾಗುವ ಸಾಮಾನು ಕಮ್ಮಿ. ಒಂದು ದಪ್ಪ ನೋಟ್‌ಬುಕ್, ಧ್ವನಿ ಮುದ್ರಿಸಲು ಮತ್ತು ಫೋಟೊ ತೆಗೆಯಲು ಫೋನ್, ಊರಿಗೆ ಮೂರು ನಾಲ್ಕು ಸಲ ಹೋಗಿ ಬರುವಷ್ಟು ಪುರುಸೊತ್ತು.

ಹಂತ 1: ಹಿರಿಯರನ್ನು ಮೊದಲು ಕೇಳಿ

ಕಾಗದ ಇನ್ನೂ ಹತ್ತು ವರ್ಷ ಕಾಯುತ್ತದೆ, ಎಂಬತ್ತು ದಾಟಿದ ಅಜ್ಜಿ ಕಾಯುವುದಿಲ್ಲ. ಆದ್ದರಿಂದ ಕಚೇರಿಗೆ ಹೋಗುವ ಮುಂಚೆ ಮನೆಯ ಹಿರಿಯರ ಜೊತೆ ಕೂರಿ. ನಿಮ್ಮ ಅಪ್ಪನ ಕಡೆಯವರ ಜೊತೆ ಮಾತ್ರ ಅಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಸೋದರತ್ತೆಯರಿಗೆ ತವರಿನ ಸಂಗತಿ ಎಲ್ಲರಿಗಿಂತ ಚೆನ್ನಾಗಿ ನೆನಪಿರುತ್ತದೆ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

“ನಿಮ್ಮ ಮುತ್ತಾತನ ಹೆಸರೇನು?” ಎಂದು ನೇರವಾಗಿ ಕೇಳಿದರೆ “ಗೊತ್ತಿಲ್ಲಪ್ಪ” ಅನ್ನುವ ಉತ್ತರವೇ ಜಾಸ್ತಿ. ಅವರಿಗೆ ಗೊತ್ತಿರುವ ಬದುಕಿನ ಕಡೆಯಿಂದ ಕೇಳಿ:

– ಯಾರ ಮನೆಯಲ್ಲಿ ಸಾವಾದರೆ ನಮಗೆ ಸೂತಕ? (ಈ ಒಂದು ಪ್ರಶ್ನೆಗೆ ದಾಯಾದಿಗಳೆಲ್ಲ ಹೊರಗೆ ಬರುತ್ತಾರೆ. ದಾಯಾದಿಗಳು ಅಂದರೆ ಒಬ್ಬನೇ ಮೂಲಪುರುಷನಿಂದ ಬಂದ ಗಂಡು ಕವಲಿನವರು.)
– ಪಿತೃಪಕ್ಷದಲ್ಲಿ ಯಾರ್ಯಾರ ಹೆಸರಿಗೆ ಎಡೆ ಇಡುತ್ತಿದ್ದಿರಿ?
– ನಮ್ಮ ಮನೆದೇವರು ಯಾವುದು, ಎಲ್ಲಿದೆ?
– ಈ ಊರಿಗೆ ಬರುವ ಮುಂಚೆ ನಮ್ಮವರು ಎಲ್ಲಿದ್ದರು? ಯಾಕೆ ಬಂದರು?
– ನಮ್ಮ ಮನೆಗೆ ಊರವರು ಏನೆಂದು ಕರೆಯುತ್ತಿದ್ದರು?

ಶ್ರಾದ್ಧ ಮಾಡುವ ಮನೆಯಾದರೆ ನಿಮ್ಮ ಕೆಲಸ ಇನ್ನೂ ಸಲೀಸು. ಅಲ್ಲಿ ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರಿನ ಹೆಸರು ಹೇಳಲೇಬೇಕು. ಅವರ ಹೆಂಡತಿಯರ ಹೆಸರು, ತಾಯಿಯ ತವರಿನ ಕಡೆಯ ಹೆಸರುಗಳೂ ಬರುತ್ತವೆ. ಎಷ್ಟೋ ಮನೆಗಳಲ್ಲಿ ಈ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ದೇವರ ಮನೆಯಲ್ಲಿ ಇಟ್ಟಿರುತ್ತಾರೆ. ಅಜ್ಜ ತೀರಿಕೊಂಡಿದ್ದರೆ, ಅವರು ಮಾಡುತ್ತಿದ್ದ ಶ್ರಾದ್ಧದ ಚೀಟಿ ಹುಡುಕಿ. ಮೂರು ತಲೆಮಾರಿನ ಲೆಕ್ಕ ಅಜ್ಜನ ಅಪ್ಪನಿಂದ ಶುರುವಾಗುವುದರಿಂದ ನಿಮಗೆ ಇನ್ನೆರಡು ಹೆಸರು ಹೆಚ್ಚಿಗೆ ಸಿಗುತ್ತದೆ.

ಒಂದು ಎಚ್ಚರಿಕೆ. ಹಿರಿಯರು ಹೇಳಿದ್ದನ್ನು ಅಲ್ಲೇ ತಿದ್ದಲು ಹೋಗಬೇಡಿ. “ಹಾಗಲ್ಲ, ದೊಡ್ಡಪ್ಪ ಬೇರೆ ಹೇಳಿದ್ರು” ಅಂದ ಕೂಡಲೇ ಮಾತು ನಿಲ್ಲುತ್ತದೆ. ಇಬ್ಬರು ಹೇಳಿದ್ದನ್ನೂ ಬರೆದುಕೊಳ್ಳಿ. ಯಾರು ಹೇಳಿದರು, ಯಾವ ದಿನ ಹೇಳಿದರು ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ. ಧ್ವನಿ ಮುದ್ರಿಸುವುದಾದರೆ ಅವರ ಒಪ್ಪಿಗೆ ಕೇಳಿ.

ಹಂತ 2: ಮನೆಯ ಅಟ್ಟ ಇಳಿಸಿ

ಕಂದಾಯ ರಸೀದಿ, ಹಳೇ ಕ್ರಯಪತ್ರ, ಪಾಲುಪಟ್ಟಿ, ಜಾತಕ, ಶಾಲೆಯ ಟಿ.ಸಿ., ಲಗ್ನಪತ್ರಿಕೆ, ಫೋಟೊಗಳ ಹಿಂಬದಿ, ಹಳೇ ಪಂಚಾಂಗದ ಅಂಚು ಎಲ್ಲವನ್ನೂ ನೋಡಿ. ಮಗು ಹುಟ್ಟಿದ ದಿನ, ಹಿರಿಯರು ಹೋದ ದಿನವನ್ನು ಪಂಚಾಂಗದ ಅಂಚಿನಲ್ಲಿ ಬರೆಯುವ ರೂಢಿ ಬಹಳ ಮನೆಗಳಲ್ಲಿತ್ತು.

ಎರಡು ವಸ್ತುಗಳನ್ನು ಜನ ಮರೆತೇಬಿಡುತ್ತಾರೆ. ಒಂದು ಪಾತ್ರೆ. ಹಿತ್ತಾಳೆ, ಸ್ಟೀಲ್ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು, ಊರು, ತಾರೀಕು ಕೆತ್ತಿಸುತ್ತಿದ್ದರು. ಇನ್ನೊಂದು ಮುಯ್ಯಿ ಪುಸ್ತಕ. ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಬರೆದಿಟ್ಟ ಈ ಪುಸ್ತಕ ಆ ಕಾಲದ ನೆಂಟರ ಪೂರ್ತಿ ಪಟ್ಟಿ. ಹೆಸರಿನ ಜೊತೆ ಊರೂ ಇರುತ್ತದೆ.

ಹಳೇ ಕಾಗದವನ್ನು ಬಲವಾಗಿ ಬಿಡಿಸಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಟೇಪ್ ಅಂಟಿಸಬೇಡಿ. ಎರಡೂ ಕಾಗದವನ್ನು ಮೆಲ್ಲಗೆ ಹಾಳು ಮಾಡುತ್ತವೆ. ಕಿಟಕಿ ಬೆಳಕಿನಲ್ಲಿ ಫೋಟೊ ತೆಗೆದು, ತೆಳು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಹಂತ 3: ಊರು 1956ಕ್ಕೆ ಮುಂಚೆ ಯಾರ ಕೈಯಲ್ಲಿತ್ತು ಎಂದು ತಿಳಿಯಿರಿ

ಈ ಹಂತ ಬಿಟ್ಟವರು ಮುಂದೆ ತಪ್ಪು ಕಚೇರಿಯಲ್ಲಿ ತಪ್ಪು ಹೆಸರಿನ ಕಡತ ಕೇಳುತ್ತಾ ನಿಲ್ಲುತ್ತಾರೆ. ಇಂದಿನ ಕರ್ನಾಟಕ ಒಂದಾದದ್ದು 1956ರ ನವೆಂಬರ್ 1ರಂದು. ಅದಕ್ಕೂ ಮುಂಚೆ ಒಂದೊಂದು ಸೀಮೆಗೂ ಒಂದೊಂದು ಆಡಳಿತ, ಒಂದೊಂದು ಕಡತದ ಭಾಷೆ.

ಹಳೇ ಮೈಸೂರು ಸೀಮೆಯ ಕಡತಗಳು ಹೆಚ್ಚಾಗಿ ಕನ್ನಡದಲ್ಲಿವೆ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದವು. ಅಲ್ಲಿ ಕೆಲವು ಹಳೇ ಕಾಗದ ಮರಾಠಿಯಲ್ಲಿ, ಅದರಲ್ಲೂ ಮೋಡಿ ಲಿಪಿಯಲ್ಲಿ ಇರುತ್ತವೆ. ಮೋಡಿ ಅಂದರೆ ಕೈಯೆತ್ತದೆ ವೇಗವಾಗಿ ಬರೆಯುವ ಮರಾಠಿ ಬರಹ. ಇಂದಿನ ಮರಾಠಿ ಓದಬಲ್ಲವರಿಗೂ ಅದು ಓದಲು ಬರುವುದಿಲ್ಲ. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಅಲ್ಲಿನ ಕಡತ ಉರ್ದು. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯ. ಬಳ್ಳಾರಿ ಕೂಡ 1953ರವರೆಗೆ ಮದ್ರಾಸಿನಲ್ಲೇ ಇತ್ತು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಡಗು ಪ್ರತ್ಯೇಕ ರಾಜ್ಯ. ಇದರ ನಡುವೆ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರಿನಂಥ ಸಣ್ಣ ಸಂಸ್ಥಾನಗಳೂ ಇದ್ದವು.

ಊರೇ ಇಲ್ಲವಾಗಿದ್ದರೆ? ಪ್ಲೇಗ್, ಬರಗಾಲದಲ್ಲಿ ಬರಿದಾದ ಊರುಗಳಿವೆ. ಜನವಸತಿ ಇಲ್ಲದೆ ಹೊಲ ಮಾತ್ರ ಉಳಿದ ಇಂಥ ಊರನ್ನು ಕಂದಾಯ ಭಾಷೆಯಲ್ಲಿ ಬೇಚರಾಕ್ ಗ್ರಾಮ ಎನ್ನುತ್ತಾರೆ. ಊರು ಹೋದರೂ ಅದರ ಸರ್ವೆ ನಂಬರುಗಳು, ದಾಖಲೆಗಳು ಅದೇ ಹೆಸರಿನಲ್ಲಿ ಮುಂದುವರಿಯುತ್ತವೆ. ಕನ್ನಂಬಾಡಿ, ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮುಳುಗಿದ ಊರಿನವರಾದರೆ, ಪರಿಹಾರ ಮತ್ತು ಬದಲಿ ಜಮೀನಿನ ಕಾಗದ ಹುಡುಕಿ.

ಹಂತ 4: ಇಂದಿನ ಪಹಣಿಯಿಂದ ಹಿಂದಕ್ಕೆ ಇಳಿಯಿರಿ

ಇದೇ ಕೆಲಸದ ತಿರುಳು. ನಿಧಾನವಾಗಿ ಓದಿ.

ಮೊದಲು ಇಂದಿನ ಪಹಣಿ ತೆಗೆಸಿ. ಆರ್‌ಟಿಸಿ ಅಂದರೂ ಇದೇ, ಉತ್ತರ ಕರ್ನಾಟಕದಲ್ಲಿ ಉತಾರ ಅನ್ನುತ್ತಾರೆ. ಭೂಮಿ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿದರೆ ಸಿಗುತ್ತದೆ. ಜಮೀನು ಈಗ ನಿಮ್ಮ ಮನೆಯದಾಗಿರಬೇಕಿಲ್ಲ. ಮುತ್ತಾತ ಮಾರಿದ್ದ ಹೊಲವಾದರೂ ಪರವಾಗಿಲ್ಲ, ನಂಬರ್ ಗೊತ್ತಿದ್ದರೆ ಸಾಕು.

ಪಹಣಿಯಲ್ಲಿ ಮೂರು ಕಾಲಂ ನೋಡಿ. ಕಾಲಂ 9ರಲ್ಲಿ ಸ್ವಾಧೀನದಾರರ ಮತ್ತು ಅವರ ತಂದೆಯ ಹೆಸರು. ಕಾಲಂ 10ರಲ್ಲಿ ಆ ಜಮೀನು ಅವರಿಗೆ ಹೇಗೆ ಬಂತು ಅನ್ನುವುದು. ಕಾಲಂ 12ರಲ್ಲಿ ಉಳುಮೆ ಮಾಡುತ್ತಿರುವವರ ವಿವರ. ನಮಗೆ ಬಂಗಾರದಂಥದ್ದು ಕಾಲಂ 10. ಅಲ್ಲಿ ಎಂ.ಆರ್. ಎಂದು ಬರೆದು ಒಂದು ನಂಬರ್, ಒಂದು ವರ್ಷ ಹಾಕಿರುತ್ತಾರೆ. ಎಂ.ಆರ್. ಅಂದರೆ ಮ್ಯುಟೇಶನ್ ರಿಜಿಸ್ಟರ್, ಹಕ್ಕು ಬದಲಾವಣೆಯ ಪುಸ್ತಕ. ಆ ನಂಬರಿನ ನಕಲಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿ.

ಅದು ಪೌತಿ ಖಾತೆಯ ನಮೂದಾದರೆ ನಿಮ್ಮ ಅದೃಷ್ಟ. ಪೌತಿ ಅಂದರೆ ಸಾವು. ಖಾತೇದಾರ ಸತ್ತ ಮೇಲೆ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದೇ ಪೌತಿ ಖಾತೆ. ಉತ್ತರದ ಜಿಲ್ಲೆಗಳಲ್ಲಿ ಇದಕ್ಕೆ ವಾರಸಾ ಎನ್ನುತ್ತಾರೆ. ಸತ್ತವರ ಹೆಸರು, ಉಳಿದವರ ಹೆಸರು, ಅವರ ಸಂಬಂಧ ಎಲ್ಲ ಅದರಲ್ಲಿರುತ್ತದೆ. ಒಂದು ತಲೆಮಾರು ದಾಟಿದಿರಿ ಅಂತ ಲೆಕ್ಕ. ಈಗ ಆ ಹಿಂದಿನ ಹೆಸರಿಗೆ ಜಮೀನು ಹೇಗೆ ಬಂತು ಎಂದು ಇನ್ನೂ ಹಳೇ ಪಹಣಿ ತೆಗೆಸಿ ನೋಡಿ. ಹೀಗೇ ಒಂದೊಂದೇ ಮೆಟ್ಟಿಲು ಇಳಿಯುವುದು.

ಕಂಪ್ಯೂಟರಿಗೆ ಬರುವ ಮುಂಚಿನ ಪಹಣಿಗಳು ಕೈಬರಹದವು. ಅವು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿರುತ್ತವೆ. ಅರ್ಜಿಯಲ್ಲಿ ಗ್ರಾಮ, ಸರ್ವೆ ನಂಬರ್, ಯಾವ ಇಸವಿಯಿಂದ ಯಾವ ಇಸವಿಯವರೆಗೆ ಎಂದು ಸ್ಪಷ್ಟವಾಗಿ ಬರೆಯಿರಿ. “ನಮ್ಮ ತಾತನ ಹಳೇ ದಾಖಲೆ ಎಲ್ಲಾ ಕೊಡಿ” ಎಂದು ಬರೆದರೆ ಏನೂ ಸಿಗುವುದಿಲ್ಲ. ತಾಲ್ಲೂಕು ಕಚೇರಿಗಳ ಹಳೇ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ತಾಲ್ಲೂಕಿನದು ಮುಗಿದಿದೆಯೇ ಎಂದು ವಿಚಾರಿಸಿ, ಒಂದು ಓಡಾಟ ತಪ್ಪಬಹುದು.

ಅದಕ್ಕೂ ಹಿಂದಕ್ಕೆ ಹೋಗಲು ಹಳೇ ಮೈಸೂರಿನಲ್ಲಿ ಎರಡು ಪುಸ್ತಕ ಕೇಳಿ: ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್. ಕಚೇರಿಯಲ್ಲಿ ಐ.ಎಲ್., ಆರ್.ಆರ್. ಅಂದರೆ ಸಾಕು, ಗೊತ್ತಾಗುತ್ತದೆ. ಇವುಗಳ ಜೊತೆ ತಾಲ್ಲೂಕಿನ ಸರ್ವೆ ಕಚೇರಿಯಲ್ಲಿ ಮೂಲ ಟಿಪ್ಪಣಿ ಮತ್ತು ಆಕಾರ್‌ಬಂದ್ ಇರುತ್ತವೆ. ಟಿಪ್ಪಣಿ ಅಂದರೆ ಅಳತೆಯ ನಕ್ಷೆ. ಆಕಾರ್‌ಬಂದ್ ಅಂದರೆ ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ. ಮೂಲ ಸರ್ವೆ ಕಾಲದ ಪುಸ್ತಕಗಳಲ್ಲಿ ಆಗಿನ ಖಾತೇದಾರನ ಹೆಸರು ಸಿಗುವುದುಂಟು. ನಾನು ನೋಡಿದ ಎಷ್ಟೋ ವಂಶವೃಕ್ಷಗಳಲ್ಲಿ ಮೇಲುತುದಿಯ ಹೆಸರು ಬಂದದ್ದು ಅಲ್ಲಿಂದಲೇ.

ಈ ಹಂತದಲ್ಲಿ ಜನ ಎಡವುವ ಜಾಗಗಳು ಬಹಳ.

ಖಾತೆ ಬದಲಾದ ದಿನ ಸತ್ತ ದಿನವಲ್ಲ. ಅಪ್ಪ ಸತ್ತು ಇಪ್ಪತ್ತು ವರ್ಷವಾದರೂ ಪೌತಿ ಮಾಡಿಸದ ಮನೆಗಳು ಊರು ತುಂಬಾ ಇವೆ. ಎಂ.ಆರ್. 1978ರದ್ದು ಅಂದರೆ ಆತ ಅದಕ್ಕೂ ಮುಂಚೆ ಸತ್ತ ಅಂತ ಮಾತ್ರ ಅರ್ಥ.

ಖಾತೆಯಲ್ಲಿ ಒಬ್ಬನೇ ಇದ್ದಾನೆ ಅಂದರೆ ಅವನು ಒಬ್ಬನೇ ಮಗ ಅಂತಲ್ಲ. ಒಟ್ಟು ಕುಟುಂಬದಲ್ಲಿ ಹಿರಿಯಣ್ಣನ ಹೆಸರಿಗೆ ಮಾತ್ರ ಖಾತೆ ಇರುತ್ತಿತ್ತು. ಕೊಡಗಿನ ಜಮ್ಮಾ ಜಮೀನಿನಲ್ಲಿ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನಿನಲ್ಲಿ, ಪಟ್ಟೇದಾರನ ಹೆಸರು ಇಡೀ ಒಕ್ಕದ, ಅಂದರೆ ಮನೆತನದ, ಪರವಾಗಿ ಬರುತ್ತದೆ. ಆತ ನಿಮ್ಮ ನೇರ ಅಜ್ಜನೇ ಆಗಿರಬೇಕಿಲ್ಲ. ಕರಾವಳಿಯ ಅಳಿಯಸಂತಾನ ಮನೆಗಳಲ್ಲಿ ಆಸ್ತಿ ತಾಯಿಯ ಕವಲಿನಲ್ಲಿ ಹೋಗುತ್ತಿತ್ತು. ಅಲ್ಲಿ ಯಜಮಾನನ ನಂತರ ಬಂದ ಹೆಸರನ್ನು ಮಗ ಎಂದು ಬರೆದರೆ ಇಡೀ ಮರವೇ ತಲೆಕೆಳಗಾಗುತ್ತದೆ. ಆತ ಹೆಚ್ಚಾಗಿ ತಮ್ಮ, ಇಲ್ಲವೇ ಅಕ್ಕತಂಗಿಯರ ಮಗ.

ಸರ್ವೆ ನಂಬರ್ ಕೂಡ ಬದಲಾಗುವುದುಂಟು. ಮರುಸರ್ವೆ ಆದ ಊರಿನಲ್ಲಿ ಹಳೇ ನಂಬರ್, ಹೊಸ ನಂಬರ್ ಎರಡನ್ನೂ ಕೇಳಿ ತಿಳಿಯಿರಿ. ಪಾಲಾದಾಗ ಮೂಲ ನಂಬರಿಗೆ ಹಿಸ್ಸಾ ಸೇರುತ್ತದೆ, 45 ಅನ್ನುವುದು 45/1, 45/2 ಆಗುತ್ತದೆ.

ಇದರಲ್ಲೇ ಒಂದು ಒಳ್ಳೇ ಸುಳಿವೂ ಇದೆ. ಒಂದು ಎಕರೆಗೆ 40 ಗುಂಟೆ. 4 ಎಕರೆ 20 ಗುಂಟೆ ಇದ್ದ ಹೊಲ ಒಂದೇ ವರ್ಷ 1 ಎಕರೆ 20 ಗುಂಟೆಯ ಮೂರು ತುಂಡಾಯಿತು ಅನ್ನಿ. ಮೂವರು ಅಣ್ಣತಮ್ಮಂದಿರು ಪಾಲಾಗಿರಬಹುದು. ಸಾಕ್ಷಿ ಅಲ್ಲ, ಆದರೆ ಆ ಇನ್ನಿಬ್ಬರು ಯಾರು ಎಂದು ಊರಲ್ಲಿ ಕೇಳಲು ಇಷ್ಟು ಸಾಕು.

ಹಳೇ ಕಾಗದದ ಕೆಲವು ಮಾತುಗಳು ತಿಳಿದಿರಲಿ. ‘ತಿಮ್ಮಯ್ಯ ಬಿನ್ ಕೆಂಪಯ್ಯ’ ಅಂದರೆ ಕೆಂಪಯ್ಯನ ಮಗ ತಿಮ್ಮಯ್ಯ. ‘ಲಕ್ಷ್ಮಮ್ಮ ಕೋಂ ತಿಮ್ಮಯ್ಯ’ ಅಂದರೆ ತಿಮ್ಮಯ್ಯನ ಹೆಂಡತಿ. ಉರುಫ್, ಯಾನೆ ಎರಡಕ್ಕೂ ‘ಇನ್ನೊಂದು ಹೆಸರು’ ಎಂದು ಅರ್ಥ.

ಹಂತ 5: ಸಬ್ ರಿಜಿಸ್ಟ್ರಾರ್ ಕಚೇರಿ, ಆಮೇಲೆ ಕೋರ್ಟು

ನೋಂದಣಿಯಾದ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪಾಲುಪಟ್ಟಿ. ವಿಭಾಗಪತ್ರ ಅಂದರೂ ಅದೇ. ಯಾರ ಮಕ್ಕಳು, ಎಷ್ಟನೇ ಮಗ, ವಯಸ್ಸೆಷ್ಟು, ಸತ್ತ ಅಣ್ಣನ ಹೆಂಡತಿ ಯಾರು, ಬಾಲಕನಾದರೆ ಪೋಷಕರು ಯಾರು ಎಂದು ವಿವರವಾಗಿ ಬರೆದಿರುತ್ತಾರೆ. ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ಪಕ್ಕದ ಹೊಲದವರ ಹೆಸರಿರುತ್ತದೆ. ಪಕ್ಕದ ಹೊಲ ಬಹಳ ಸಲ ದಾಯಾದಿಗಳದ್ದೇ.

1908ರ ನೋಂದಣಿ ಕಾಯ್ದೆ ಪ್ರಕಾರ ಸ್ಥಿರಾಸ್ತಿ ಪತ್ರಗಳ ಪುಸ್ತಕ, ಅಂದರೆ ಬುಕ್ 1, ಮತ್ತು ಅದರ ಸೂಚಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಉಯಿಲು ಬರೆದವರು ತೀರಿಕೊಂಡಿದ್ದರೆ ಅದರ ನಕಲಿಗೂ ಅರ್ಜಿ ಹಾಕಬಹುದು. ಪತ್ರದ ನಂಬರ್ ಗೊತ್ತಿಲ್ಲದಿದ್ದರೆ ಆ ಸರ್ವೆ ನಂಬರಿನ ಮೇಲೆ ಋಣಭಾರ ಪತ್ರ, ಅಂದರೆ ಇ.ಸಿ., ತೆಗೆಸಿ. ಹಿಂದೆ ನಡೆದ ಮಾರಾಟ, ಪಾಲು, ಅಡಮಾನದ ಪಟ್ಟಿ ಸಿಗುತ್ತದೆ.

ಮನೆಯಲ್ಲಿ ಪಾಲಿನ ದಾವೆ ನಡೆದಿತ್ತೇ? ಜಗಳ ಮನಸ್ಸಿಗೆ ನೋವಿನ ವಿಷಯ, ನಿಜ. ಆದರೆ ದಾವೆಯ ಅರ್ಜಿಯಲ್ಲಿ ವಂಶಾವಳಿ ಬರೆಯಲೇಬೇಕಿತ್ತು. ಎದುರು ಪಕ್ಷದವರು ಅದನ್ನು ಒಪ್ಪಿದರೋ ಇಲ್ಲವೋ ಅನ್ನುವುದೂ ತೀರ್ಪಿನಲ್ಲಿರುತ್ತದೆ. ಎರಡೂ ಕಡೆಯವರು ಒಪ್ಪಿದ ವಂಶಾವಳಿಗಿಂತ ಗಟ್ಟಿ ಆಧಾರ ಸಿಗುವುದು ಕಷ್ಟ.

ಇಲ್ಲಿ ಇನ್ನೊಂದು ಮಾತು. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಪತ್ರವನ್ನು ಇತಿಹಾಸದ ಆಧಾರ ಎಂದುಕೊಳ್ಳಬೇಡಿ. ಅದು ಖಾತೆ ಬದಲಾವಣೆ, ಪರಿಹಾರದಂಥ ಕೆಲಸಕ್ಕಾಗಿ, ಮನೆಯವರು ಕೊಟ್ಟ ಹೇಳಿಕೆಯ ಮೇಲೆ ತಯಾರಾಗುವ ಕಾಗದ. ಆ ಕೆಲಸಕ್ಕೆ ಬೇಡವಾದವರು ಅದರಲ್ಲಿ ಇರುವುದಿಲ್ಲ.

ಹಂತ 6: ಪಹಣಿಯಲ್ಲಿ ಇಲ್ಲದವರನ್ನು ಹುಡುಕಿ

ಜಮೀನಿನ ಕಾಗದ ಹೇಳುವುದು ಜಮೀನಿದ್ದ ಗಂಡಸರ ಕಥೆ. ಅಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಮರದ ಅರ್ಧ ಕೊಂಬೆ ಖಾಲಿ.

ಗೇಣಿದಾರರ ಮನೆಯಾಗಿದ್ದರೆ ಭೂಸುಧಾರಣೆಯ ಕಡತ ಕೇಳಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಕೆಳಗೆ ಲಕ್ಷಗಟ್ಟಲೆ ಗೇಣಿದಾರರು ನಮೂನೆ 7 ಎಂಬ ಅರ್ಜಿ ಹಾಕಿದರು. ಎಷ್ಟು ವರ್ಷದಿಂದ, ಯಾರ ಕಾಲದಿಂದ ಉಳುತ್ತಿದ್ದೇವೆ ಎಂದು ಅವರು ಭೂನ್ಯಾಯ ಮಂಡಳಿಯ ಮುಂದೆ ಹೇಳಿಕೆ ಕೊಟ್ಟರು. ಕಾಗದದಲ್ಲಿ ಮೊದಲ ಸಲ ಅಜ್ಜನ ಹೆಸರು ಬಂದದ್ದೇ ಅಲ್ಲಿ ಅನ್ನುವ ಮನೆಗಳು ಎಷ್ಟೋ. ಇನಾಂ ಊರಾಗಿದ್ದರೆ ಮೈಸೂರಿನ 1954ರ ಇನಾಂ ರದ್ದತಿ ಕಾಯ್ದೆಯ ಕಡತ, ಶಾನುಭೋಗ, ಪಟೇಲ, ತಳವಾರ, ತೋಟಿಯಂಥ ಊರ ಚಾಕರಿಯ ಮನೆಯಾಗಿದ್ದರೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ಕಡತ ಕೇಳಿ.

ತುಂಡು ಜಮೀನೂ ಇರದಿದ್ದವರಿಗೆ ಶಾಲೆಯ ದಾಖಲಾತಿ ಪುಸ್ತಕ ದೊಡ್ಡ ಆಸರೆ. ಅದರಲ್ಲಿ ತಂದೆಯ ಹೆಸರು, ಊರು, ಕಸುಬು ಇರುತ್ತದೆ. ಹುಟ್ಟಿದ ತಾರೀಕನ್ನು ಮಾತ್ರ ನಂಬಬೇಡಿ. ಜೂನ್ 1 ಎಂದಿದ್ದರೆ ಅದು ಹೆಚ್ಚಾಗಿ ಮೇಷ್ಟ್ರು ಅಂದಾಜಿಗೆ ಬರೆದದ್ದು. ಗಣಿ, ಗಿರಣಿ, ರೈಲ್ವೆ, ಸೈನ್ಯದಲ್ಲಿ ದುಡಿದಿದ್ದರೆ ಸೇವಾ ಪುಸ್ತಕ, ಪಿಂಚಣಿ ಕಾಗದ ನೋಡಿ. ಕ್ರೈಸ್ತ ಮನೆಯಾದರೆ ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿ ರಿಜಿಸ್ಟರ್. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕಾಗದಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಚೆನ್ನಾಗಿ ಉಳಿದಿವೆ. ಮುಸ್ಲಿಂ ಮನೆಯಾದರೆ ಮಸೀದಿ ಜಮಾತಿನ ನಿಕಾಹ್ ಪುಸ್ತಕ.

ಇನ್ನು ಹೆಣ್ಣುಮಕ್ಕಳು. ಹಳೇ ಪೌತಿ ನಮೂದುಗಳಲ್ಲಿ ಹೆಣ್ಣುಮಕ್ಕಳನ್ನು ಬರೆಯದೇ ಬಿಟ್ಟದ್ದೇ ಜಾಸ್ತಿ. ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೆ ಸಮಪಾಲು ಸಿಕ್ಕಿದ್ದು ಕರ್ನಾಟಕದ 1994ರ ತಿದ್ದುಪಡಿ ಮತ್ತು ದೇಶಕ್ಕೆಲ್ಲ ಅನ್ವಯಿಸಿದ 2005ರ ತಿದ್ದುಪಡಿಯಿಂದ. ಆದ್ದರಿಂದ ದಾಖಲೆಯಲ್ಲಿ ಮೂವರು ಗಂಡುಮಕ್ಕಳಿದ್ದರೆ, ಹೆಣ್ಣುಮಕ್ಕಳು ಎಷ್ಟು ಎಂದು ಬೇರೆಯಾಗಿ ಹುಡುಕಲೇಬೇಕು. ಮುಯ್ಯಿ ಪುಸ್ತಕ, ಲಗ್ನಪತ್ರಿಕೆ, ಮಗಳಿಗೆ ಬರೆದ ದಾನಪತ್ರ, ವಿಧವೆ ಸೊಸೆಗೆ ಜೀವನಾಂಶ ಬಿಟ್ಟ ಪತ್ರ, ಇವುಗಳಲ್ಲಿ ಅವರು ಸಿಗುತ್ತಾರೆ. ಅಜ್ಜಿಯ ಮದುವೆಯಲ್ಲಿ ಹೆಸರು ಬದಲಾಗಿತ್ತೇ ಎಂದೂ ಕೇಳಿ. ತವರಿನ ಹೆಸರು ಗೊತ್ತಾಗದೆ ತವರಿನ ಕಾಗದ ಸಿಗುವುದಿಲ್ಲ.

ಹುಟ್ಟು ಸಾವಿನ ರಿಜಿಸ್ಟರ್ ಬಗ್ಗೆ ಬಹಳ ಜನ ಕೇಳುತ್ತಾರೆ. ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದಿನದು ಕೆಲವು ಊರುಗಳಲ್ಲಿ ಇದೆ, ಕೆಲವು ಕಡೆ ಇಲ್ಲ. ಇನ್ನು ಜನಗಣತಿಯಲ್ಲಿ ಹುಡುಕುವ ಯೋಚನೆ ಬಿಡಿ. 1948ರ ಜನಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ವಿವರ ಗುಟ್ಟು. ಅದನ್ನು ಯಾರೂ ನೋಡುವಂತಿಲ್ಲ.

ಹಂತ 7: ಹೆಳವರು, ಪಂಡಾಗಳು, ಮನೆದೇವರು

ಹೆಳವರು ನಮ್ಮ ನಾಡಿನ ನಡೆದಾಡುವ ವಂಶಾವಳಿ. ಎತ್ತಿನ ಮೇಲೆ ಕೂತು ಊರೂರಿಗೆ ಬಂದು, ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳುತ್ತಿದ್ದರು. ಕಾಳುಕಡ್ಡಿ, ದನಕರು ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಲಿಂಗಾಯತ, ಒಕ್ಕಲಿಗ, ಕುರುಬ ಮೊದಲಾದ ಮನೆತನಗಳಿಗೆ ಇಂಥ ಹೆಳವ ಮನೆಗಳು ಗೊತ್ತಾಗಿದ್ದವು. ಈಗಲೂ ಕೆಲವರು ಬರುತ್ತಾರೆ, ಪುಸ್ತಕ ಇಟ್ಟುಕೊಂಡವರೂ ಇದ್ದಾರೆ. ನಿಮ್ಮ ಊರಿಗೆ ಬರುವ ಹೆಳವರು ಯಾವ ಊರಿನವರು ಎಂದು ವಯಸ್ಸಾದವರನ್ನು ಕೇಳಿ ಹೋಗಿ ಭೇಟಿಯಾಗಿ. ಅವರು ಹೇಳುವುದನ್ನು ಪೂರ್ತಿ ಮುದ್ರಿಸಿಕೊಳ್ಳಿ. ಅವರ ಕೆಲಸಕ್ಕೆ ಸರಿಯಾದ ಸಂಭಾವನೆ ಕೊಡಿ. ನಮ್ಮ ಮನೆಯ ನೆನಪನ್ನು ತಲೆಮಾರುಗಟ್ಟಲೆ ಹೊತ್ತವರು ಅವರು.

ಹಿರಿಯರು ಕಾಶಿ, ಗಯಾ, ಹರಿದ್ವಾರಕ್ಕೆ ಹೋಗಿದ್ದರೆ ಅಲ್ಲಿನ ಪಂಡಾಗಳ, ಅಂದರೆ ಯಾತ್ರಿಗಳ ಪುರೋಹಿತರ, ಬಹಿಯಲ್ಲಿ ಹೆಸರಿರಬಹುದು. ಬಹಿ ಅಂದರೆ ಉದ್ದನೆಯ ಲೆಕ್ಕದ ಪುಸ್ತಕ. ಬಂದವರ ಊರು, ಕುಲ, ಮನೆಯವರ ಹೆಸರು ಬರೆಸಿ ಸಹಿ ಹಾಕಿಸುತ್ತಾರೆ. ನಿಮ್ಮ ಸೀಮೆಯ ಯಾತ್ರಿಗಳನ್ನು ನೋಡಿಕೊಳ್ಳುವ ಪಂಡಾ ಮನೆ ಯಾವುದು ಎಂದು ಮೊದಲು ವಿಚಾರಿಸಿ.

ಮನೆದೇವರನ್ನು ಹಂತ 1ರಲ್ಲೇ ಕೇಳಲು ಹೇಳಿದ್ದು ಸುಮ್ನೆ ಅಲ್ಲ. ಜನ ಊರು ಬಿಟ್ಟರೂ ಮನೆದೇವರನ್ನು ಬಿಡುವುದಿಲ್ಲ. ನೂರು ಮೈಲಿ ದೂರದ ದೇವರಿಗೆ ನೀವು ನಡೆದುಕೊಳ್ಳುತ್ತಿದ್ದರೆ, ನಿಮ್ಮವರು ಆ ಕಡೆಯಿಂದ ಬಂದಿರುವ ಸಾಧ್ಯತೆ ಇದೆ. ಆ ಗುಡಿಯ ಪೂಜಾರಿಗೆ ಯಾವ ಯಾವ ಊರಿನಿಂದ ಒಕ್ಕಲು ಬರುತ್ತಾರೆ ಎಂದು ಗೊತ್ತಿರುತ್ತದೆ.

ಹಂತ 8: ಇಸವಿಗಳನ್ನು ಸರಿ ಮಾಡಿಕೊಳ್ಳಿ

ಹಳೇ ಕಾಗದದಲ್ಲಿ ಇಸವಿ ಬೇರೆ ಬೇರೆ ಲೆಕ್ಕದಲ್ಲಿರುತ್ತದೆ. ಶಕವರ್ಷಕ್ಕೆ 78 ಸೇರಿಸಿ: ಶಕ 1800 ಅಂದರೆ 1878–79. ಫಸಲಿಗೆ, ಅಂದರೆ ಕಂದಾಯದ ವರ್ಷಕ್ಕೆ, 590 ಸೇರಿಸಿ: ಫಸಲಿ 1360 ಅಂದರೆ 1950–51. ಹಿಜರಿಗೆ ಹೀಗೆ ಕೂಡಿಸಲು ಬರುವುದಿಲ್ಲ. ಚಾಂದ್ರಮಾನ ವರ್ಷ ಚಿಕ್ಕದು, ಪಟ್ಟಿ ನೋಡಿಯೇ ಬದಲಾಯಿಸಬೇಕು.

ಬರೀ ಸಂವತ್ಸರದ ಹೆಸರಿದ್ದರೆ ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. ಪ್ರಭವ 1867–68ರಲ್ಲಿ ಬಂತು, 1927–28ರಲ್ಲಿ ಬಂತು, 1987–88ರಲ್ಲೂ ಬಂತು. ಯಾವುದು ಎಂದು ತೀರ್ಮಾನಿಸಲು ಬೇರೆ ಸುಳಿವು ಬೇಕು. ಆ ಸುಳಿವು ಹಿರಿಯರ ಮಾತಿನಲ್ಲೇ ಇರುತ್ತದೆ. ‘ಧಾತು ವರ್ಷದ ಬರ’ ಅಂದರೆ 1876ರಲ್ಲಿ ಶುರುವಾದ ಭೀಕರ ಬರಗಾಲ. ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರಲ್ಲಿ. ಮನೆಮಂದಿಯನ್ನೆಲ್ಲ ಒಯ್ದ ಜ್ವರದ ಮಾತು ಬಂದರೆ 1918ರ ಇನ್‌ಫ್ಲುಯೆಂಜಾ ಇರಬಹುದು. “ಗಾಂಧಿ ಸತ್ತಾಗ ನಾನು ಕೈಗೂಸು” ಅಂದರೆ 1948ರ ಆಸುಪಾಸು ಅಲ್ವಾ?

ಹಂತ 9: ಒಂದೇ ಹೆಸರಿನವರನ್ನು ಬೇರೆ ಮಾಡಿ

ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ತಿಮ್ಮಯ್ಯ, ಕೆಂಪಯ್ಯ, ಮತ್ತೆ ತಿಮ್ಮಯ್ಯ, ಮತ್ತೆ ಕೆಂಪಯ್ಯ ಎಂದು ಸಾಲು ನಡೆಯುತ್ತದೆ. ಅಣ್ಣತಮ್ಮಂದಿರ ಮಕ್ಕಳಿಗೂ ಅದೇ ಹೆಸರು. ಹೀಗೆ ಒಂದೇ ಊರಲ್ಲಿ, ಒಂದೇ ಕಾಲದಲ್ಲಿ, ಒಂದೇ ಹೆಸರಿನ ಇಬ್ಬರು ದೊಡ್ಡಪ್ಪ–ಚಿಕ್ಕಪ್ಪನ ಮಕ್ಕಳು ಸಿಗುತ್ತಾರೆ. ಹೆಸರು ಕೂಡಿತು ಎಂದು ಸೇರಿಸಿಬಿಡಬೇಡಿ. ಹೆಸರು, ಅಪ್ಪನ ಹೆಸರು, ಸರ್ವೆ ನಂಬರ್, ಹೆಂಡತಿಯ ಹೆಸರು, ಈ ನಾಲ್ಕರಲ್ಲಿ ಮೂರಾದರೂ ಕೂಡಬೇಕು. ತಲೆಮಾರಿಗೆ 25–30 ವರ್ಷದ ಅಂತರವಿದೆಯೇ ನೋಡಿ. ಅಪ್ಪನಿಗೂ ಮಗನಿಗೂ 70 ವರ್ಷ ಅಂತರ ಬಂದರೆ ನಡುವೆ ಒಬ್ಬರು ಬಿಟ್ಟುಹೋಗಿರಬಹುದು. ದತ್ತು ಬಂದವರಿದ್ದರೆ ಹೆತ್ತ ಮನೆ, ಸಾಕಿದ ಮನೆ ಎರಡನ್ನೂ ಬರೆಯಿರಿ.

ಡಿಎನ್‌ಎ ಪರೀಕ್ಷೆ ಮಾಡಿಸಬಹುದೇ ಎಂದು ಈಗ ಬಹಳ ಜನ ಕೇಳುತ್ತಾರೆ. ಅದು ಹೆಸರು ಹೇಳುವುದಿಲ್ಲ, ಪರೀಕ್ಷೆ ಮಾಡಿಸಿದ ಬೇರೆಯವರ ಜೊತೆ ಎಷ್ಟು ಪಾಲು ಕೂಡುತ್ತದೆ ಎಂದು ಮಾತ್ರ ಹೇಳುತ್ತದೆ. ದೊಡ್ಡಪ್ಪನ ಮಕ್ಕಳ ಜೊತೆ ಸರಾಸರಿ ಶೇ 12.5 ಕೂಡುತ್ತದೆ. ಸೋದರಮಾವ, ಸೋದರತ್ತೆಯ ಮಗನ ಜೊತೆ ಮದುವೆಗಳು ನಡೆದ ಮನೆಗಳಲ್ಲಿ ಈ ಲೆಕ್ಕ ಜಾಸ್ತಿ ಬಂದು, ದೂರದ ನೆಂಟರೂ ಹತ್ತಿರದವರಂತೆ ಕಾಣುತ್ತಾರೆ. ಮನೆಯವರು ಯೋಚಿಸಿರದ ಸತ್ಯವೂ ಹೊರಬರಬಹುದು. ಅದಕ್ಕೆ ಎಲ್ಲರೂ ಸಿದ್ಧರಿದ್ದರೆ ಮಾತ್ರ ಮಾಡಿಸಿ. ಕಾಗದದ ಕೆಲಸ ಮುಗಿಯುವ ಮುಂಚೆ ನಾನಂತೂ ಅದನ್ನು ಹೇಳುವುದಿಲ್ಲ.

ಹಂತ 10: ಬರೆದಿಡಿ, ಹಂಚಿ

ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡಿ. ನೀವು 1, ಅಪ್ಪ 2, ಅಮ್ಮ 3. ಯಾರದೇ ನಂಬರಿನ ಎರಡರಷ್ಟು ಅವರ ಅಪ್ಪನ ನಂಬರ್, ಅದಕ್ಕೆ ಒಂದು ಸೇರಿಸಿದರೆ ಅಮ್ಮನ ನಂಬರ್. ಹೀಗೆ ಐದು ತಲೆಮಾರು ಹಿಂದಕ್ಕೆ ಹೋದರೆ 62 ಜಾಗ. ಸೋದರಸಂಬಂಧದ ಮದುವೆ ಆದ ಮನೆಯಲ್ಲಿ ಒಬ್ಬರೇ ಎರಡು ಜಾಗದಲ್ಲಿ ಬರುತ್ತಾರೆ. ಅದು ತಪ್ಪಲ್ಲ, ಹಾಗೇ ಬರೆಯಿರಿ. ಪ್ರತಿ ಹೆಸರಿನ ಕೆಳಗೆ ಆಧಾರ ಬರೆಯಿರಿ: ಯಾವ ಕಾಗದ, ಯಾವ ಕಚೇರಿ, ಯಾವ ನಂಬರ್, ಅಥವಾ ಯಾರ ಬಾಯಿಂದ.

ಕಂಪ್ಯೂಟರಿನಲ್ಲಿ ಇಡುವುದಾದರೆ ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶ ಸಾಕು. ಯಾವುದನ್ನೇ ಬಳಸಿ, ಆಗಾಗ ಜೆಡ್‌ಕಾಮ್ ಕಡತವಾಗಿ ತೆಗೆದಿಡಿ. ಅದು ವಂಶವೃಕ್ಷ ತಂತ್ರಾಂಶಗಳೆಲ್ಲ ಓದಬಲ್ಲ ಸಾಮಾನ್ಯ ರೂಪ. ಬದುಕಿರುವವರ ಹುಟ್ಟಿದ ದಿನ, ವಿಳಾಸವನ್ನು ಇಂಟರ್‌ನೆಟ್ಟಿಗೆ ಹಾಕಬೇಡಿ, ಮೋಸ ಮಾಡುವವರಿಗೆ ಅಷ್ಟು ಸಾಕು.

ಕೊನೆಗೆ ಇಡೀ ಮರವನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ. ಮುಂದಿನ ಹಬ್ಬಕ್ಕೋ, ಮದುವೆಗೋ ಎಲ್ಲರೂ ಸೇರಿದಾಗ ಗೋಡೆಗೆ ಅಂಟಿಸಿ. ಗೊತ್ತಿಲ್ಲದ ಹೆಸರಿನ ಜಾಗವನ್ನು ಖಾಲಿ ಬಿಡಿ, ಪಕ್ಕದಲ್ಲೊಂದು ಪೆನ್ಸಿಲ್ ಕಟ್ಟಿ ಇಡಿ.